ನಮ್ಮಂಥವರೂ ಇರುವ ಗೇಮ್ ಬೇಕಾ? ಯಾವುದನ್ನು ಆರಿಸಬೇಕು, ಯಾಕೆ

ಗೇ, ಲೆಸ್ಬಿಯನ್, ಬೈ (ಗಂಡು ಹೆಣ್ಣು ಇಬ್ಬರನ್ನೂ ಇಷ್ಟಪಡುವವರು), ಟ್ರಾನ್ಸ್ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರು) ಪಾತ್ರಗಳಿರುವ ವಿಡಿಯೋ ಗೇಮ್‌ಗಳು ಈಗ ಬೇಕಾದಷ್ಟಿವೆ. ಕಷ್ಟ ಇರುವುದು ಆರಿಸುವುದರಲ್ಲಿ. ಇಂಗ್ಲಿಷ್‌ನಲ್ಲಿ ಸಿಗುವ ಪಟ್ಟಿಗಳು ಒಳ್ಳೆಯ ಕಂಪ್ಯೂಟರ್, ಸ್ವಂತ ರೂಮು, ಬಾಗಿಲಿಗೆ ಚಿಲಕ ಇರುವವರಿಗೆ ಬರೆದಂತಿರುತ್ತವೆ. ತುಮಕೂರಿನಲ್ಲಿ ನಮ್ಮ ಸ್ಥಿತಿ ಬೇರೆ. ಶಿರಾ ಗೇಟ್ ಕಡೆಯ ಬಾಡಿಗೆ ಮನೆಯ ಹಾಲ್‌ನಲ್ಲಿ ಅಜ್ಜಿ ಪಕ್ಕ ಕೂತು ಆಡುತ್ತೇವೆ. ಕ್ಯಾತ್ಸಂದ್ರದ ಪಿಜಿಯಲ್ಲಿ ಮೂವರ ನಡುವೆ ಮಲಗಿಕೊಂಡು ಆಡುತ್ತೇವೆ. ಬೆಂಗಳೂರು ಟ್ರೈನ್‌ನಲ್ಲಿ ಪಕ್ಕದವರು ಸ್ಕ್ರೀನ್ ಇಣುಕುತ್ತಿರುವಾಗಲೂ ಆಡುತ್ತೇವೆ. ಹಾಗಾಗಿ ಈ ಹೋಲಿಕೆಯನ್ನು ನಮ್ಮ ಊರಿನ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ನಾನು ಗೇ. ತುಮಕೂರಿನಲ್ಲೇ ಬೆಳೆದವನು. ನನ್ನ ಥರದವರು ಬದುಕುವ, ಪ್ರೀತಿಸುವ, ಮನೆ ಕಟ್ಟುವ ಕಥೆಗಳು ನನಗೆ ಮೊದಲು ಸಿಕ್ಕಿದ್ದು ಗೇಮ್‌ಗಳಲ್ಲಿ. ಆದ್ದರಿಂದ ಯಾವ ಗೇಮ್ ಮೊದಲು ಆಡಬೇಕು ಎಂಬುದು ನನಗೆ ಸಣ್ಣ ವಿಷಯ ಅಲ್ಲ.

ಮೊದಲು ಒಂದು ಮಾತು. ಗೇಮ್‌ನಲ್ಲಿ ನಾವು ಇದ್ದೇವೆ ಎಂದರೆ ಸಾಲದು, ಹೇಗೆ ಇದ್ದೇವೆ ಎಂದು ನೋಡಬೇಕು. ಕೆಲವು ಗೇಮ್‌ಗಳಲ್ಲಿ ಯಾರನ್ನು ಪ್ರೀತಿಸಬೇಕು ಎಂಬುದನ್ನು ನೀವೇ ತೀರ್ಮಾನಿಸುತ್ತೀರಿ. ಕೆಲವದರಲ್ಲಿ ಕಥೆಯ ನಾಯಕ ಅಥವಾ ನಾಯಕಿಯೇ ನಮ್ಮವರು. ಇನ್ನು ಕೆಲವದರಲ್ಲಿ ಬಂದೂಕು ಹಿಡಿದ ಪಾತ್ರದ ಪರಿಚಯದಲ್ಲಿ ಒಂದು ಸಾಲು ಇರುತ್ತದೆ, ಆಟದಲ್ಲಿ ಅದರ ಸುಳಿವೇ ಇರುವುದಿಲ್ಲ. ಕಂಪನಿಗಳು ಜಾಸ್ತಿ ಹೇಳಿಕೊಳ್ಳುವುದು ಈ ಮೂರನೆಯದನ್ನೇ. ನನಗೆ ಬೆಲೆ ಕಾಣುವುದು ಮೊದಲ ಎರಡರಲ್ಲಿ.

ಹೊಲ ಮಾಡಿ ಮದುವೆಯಾಗುವುದಾ, ಮನೆ ಕಟ್ಟಿ ಸಂಸಾರ ಹೂಡುವುದಾ

ಸ್ಟಾರ್‌ಡ್ಯೂ ವ್ಯಾಲಿ 2016ರಲ್ಲಿ ಬಂತು. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಮಾಡಿದ ಗೇಮ್. ಅಜ್ಜ ಬಿಟ್ಟುಹೋದ ಜಮೀನಿಗೆ ಬಂದು ಬೇಸಾಯ ಶುರು ಮಾಡುತ್ತೀರಿ. ಊರಿನಲ್ಲಿ ಮದುವೆಯಾಗಬಹುದಾದ 12 ಜನ ಇದ್ದಾರೆ, ಆರು ಹುಡುಗರು, ಆರು ಹುಡುಗಿಯರು. ನಿಮ್ಮ ಪಾತ್ರ ಗಂಡಾಗಿರಲಿ, ಹೆಣ್ಣಾಗಿರಲಿ, ಈ 12 ಜನರಲ್ಲಿ ಯಾರನ್ನಾದರೂ ಮದುವೆಯಾಗಬಹುದು. ಒಂದೇ ಲಿಂಗದವರ ಮದುವೆಗೆ ಅವಕಾಶ ಗೇಮ್ ಬಂದ ದಿನದಿಂದಲೇ ಇತ್ತು. ಇಷ್ಟವಾದದ್ದು ಉಡುಗೊರೆ ಕೊಡುತ್ತಾ ಹೋದರೆ ಸ್ನೇಹ ಬೆಳೆಯುತ್ತದೆ. ಸ್ನೇಹವನ್ನು ಗೇಮ್ ಹೃದಯಗಳಲ್ಲಿ ಅಳೆಯುತ್ತದೆ, ಎಂಟು ಹೃದಯ ತುಂಬಿದಾಗ ಹೂಗುಚ್ಛ ಕೊಡುತ್ತೀರಿ. ಹತ್ತು ತುಂಬಿದ ಮೇಲೆ ಮಳೆ ಬರುವ ದಿನ ಸಮುದ್ರದ ಬಳಿ ಹೋಗಿ, ಅಲ್ಲಿ ನಿಂತಿರುವ ಮುದುಕನಿಂದ ಪದಕ ಕೊಂಡು ಮದುವೆ ಕೇಳುತ್ತೀರಿ. ಒಂದೇ ಲಿಂಗದ ಜೋಡಿಯಾದರೆ ಮಗುವನ್ನು ದತ್ತು ತೆಗೆದುಕೊಳ್ಳುತ್ತೀರಿ.

ಊರಿನವರು ಯಾರೂ ಹುಬ್ಬೇರಿಸುವುದಿಲ್ಲ. ಮದುವೆಗೆ ಎಲ್ಲರೂ ಬರುತ್ತಾರೆ. ಮಾರನೆಯ ದಿನ ಬೆಳಿಗ್ಗೆ ನಿಮ್ಮವನು ಕಾಫಿ ಕೊಡಬಹುದು, ಗಿಡಗಳಿಗೆ ನೀರು ಹಾಕಿರಬಹುದು. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಮ್ಮ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆ ದೇಶದಲ್ಲಿ ಬದುಕುವ ಒಬ್ಬ ಹುಡುಗನಿಗೆ ಈ ಸಾಮಾನ್ಯ ಬೆಳಗು ಎಷ್ಟು ಬೇಕಾಗಿತ್ತು ಎಂಬುದನ್ನು ಮಾತಿನಲ್ಲಿ ಹೇಳುವುದು ನನಗೆ ಕಷ್ಟ.

ಕೊರತೆ ಇಲ್ಲ ಎಂದಲ್ಲ. ನೀವು ಬರುವ ಮುಂಚೆ ಆ 12 ಜನರಲ್ಲಿ ಯಾರೂ ತಮ್ಮನ್ನು ಗೇ ಅಂತಲೋ ಬೈ ಅಂತಲೋ ಹೇಳಿಕೊಳ್ಳುವುದಿಲ್ಲ. ನೀವು ಯಾರೋ ಅದಕ್ಕೆ ತಕ್ಕಂತೆ ಅವರ ಮನಸ್ಸು ತಿರುಗುತ್ತದೆ. ಒಬ್ಬಿಬ್ಬರ ಮಾತು ಸ್ವಲ್ಪ ಬದಲಾಗುತ್ತದೆ, ಅಷ್ಟೆ. ಹೋರಾಟ, ಭಯ, ಮನೆಯವರಿಗೆ ಹೇಳುವ ಸಂಕಟ, ಇದ್ಯಾವುದೂ ಇಲ್ಲ. ಬಿಡುವು ಬೇಕಾದವರಿಗೆ ಇದೇ ಒಳ್ಳೆಯದು. ತಮ್ಮ ಕಥೆಯನ್ನೇ ನೋಡಬೇಕು ಅನ್ನುವವರಿಗೆ ಸಾಲದು.

ಜನರನ್ನು ರೂಪಿಸಿ, ಮನೆ ಕಟ್ಟಿ, ಅವರ ಸಂಸಾರ ನಡೆಸುವ ಗೇಮ್ ದಿ ಸಿಮ್ಸ್ 4 ಇದಕ್ಕಿಂತ ಬಿಡಿಬಿಡಿಯಾಗಿ ಆಯ್ಕೆ ಕೊಡುತ್ತದೆ. ಈ ಸರಣಿಯ ಹಿನ್ನೆಲೆಯೂ ದೊಡ್ಡದು. 1999ರಲ್ಲಿ ಅಮೆರಿಕದ ಇ3 ಎಂಬ ಗೇಮ್ ಮೇಳದಲ್ಲಿ ಮೊದಲ ಸಿಮ್ಸ್ ತೋರಿಸುವಾಗ ಇಬ್ಬರು ಹೆಂಗಸರು ಎಲ್ಲರೆದುರು ಮುತ್ತಿಟ್ಟಿದ್ದರು. ನಾಲ್ಕನೆಯ ಸಿಮ್ಸ್ 2014ರಲ್ಲಿ ಬಂತು. 2016ರ ಅಪ್‌ಡೇಟ್‌ನಲ್ಲಿ ಬಟ್ಟೆ, ಮೈಕಟ್ಟು, ನಡಿಗೆ, ದನಿ ಇವುಗಳಿಗೆ ಗಂಡು ಹೆಣ್ಣು ಎಂಬ ಬೇಲಿ ತೆಗೆದರು. 2022ರಲ್ಲಿ ಪಾತ್ರಕ್ಕೆ ಯಾರ ಮೇಲೆ ಆಕರ್ಷಣೆ ಎಂದು ಗುರುತಿಸುವ ಸೌಲಭ್ಯ ಬಂತು. ಯಾರ ಮೇಲೂ ಇಲ್ಲ ಎಂದೂ ಗುರುತಿಸಬಹುದು. 2023ರ ಜನವರಿಯಲ್ಲಿ ಎದೆ ಬಿಗಿಯುವ ಬೈಂಡರ್, ಎದೆಯ ಶಸ್ತ್ರಚಿಕಿತ್ಸೆಯ ಗುರುತು ಕೂಡ ಸೇರಿಸಿದರು. ಟ್ರಾನ್ಸ್ ಹುಡುಗನೊಬ್ಬ ತನ್ನ ಮೈಯನ್ನು ತನಗೆ ಬೇಕಾದ ಹಾಗೆ ಸ್ಕ್ರೀನ್ ಮೇಲೆ ಮಾಡಿಕೊಳ್ಳಬಹುದು. ಇಷ್ಟು ಎಚ್ಚರಿಕೆಯಿಂದ ಯೋಚಿಸಿದ ದೊಡ್ಡ ಗೇಮ್ ಅಪರೂಪ.

2022ರ ಅಕ್ಟೋಬರ್‌ನಿಂದ ಸಿಮ್ಸ್ 4ರ ಮೂಲ ಗೇಮ್ ಉಚಿತ. ಮೇಲಿಂದ ಮೇಲೆ ಹೆಚ್ಚುವರಿ ಪ್ಯಾಕ್ ಕೊಳ್ಳಿ ಎಂದು ಒತ್ತಾಯಿಸುತ್ತದೆ, ಅವು ದುಬಾರಿ, ಬೇಡವೇ ಬೇಡ. ನಾನು ಹೇಳಿದ ಸೌಲಭ್ಯಗಳಿಗೆ ಮೂಲ ಗೇಮ್ ಸಾಕು. ಆದರೆ ಇದಕ್ಕೆ ಕಂಪ್ಯೂಟರ್ ಅಥವಾ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಬೇಕು. ಡೌನ್‌ಲೋಡ್ ಕೂಡ ಹತ್ತಾರು ಜಿಬಿ. ಸ್ಟಾರ್‌ಡ್ಯೂಗೆ ಹಳೆಯ ಕಾಲೇಜ್ ಲ್ಯಾಪ್‌ಟಾಪ್ ಸಾಕು, 500 ಎಂಬಿ ಜಾಗ ಸಾಕು. ಫೋನ್‌ನಲ್ಲೂ ಸಿಗುತ್ತದೆ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಜಾಹೀರಾತು ಇಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟ್ ಹೋಗಿ ವೈಫೈ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಎರಡರಲ್ಲಿ ಒಂದು ಅಂದರೆ ನಾನು ಹೇಳುವುದು ಹೀಗೆ. ಯಾರನ್ನು ಇಷ್ಟಪಡುತ್ತೇನೆ ಎಂಬ ಪ್ರಶ್ನೆ ಇದ್ದವರಿಗೆ ಸ್ಟಾರ್‌ಡ್ಯೂ. ನಾನು ಗಂಡೋ ಹೆಣ್ಣೋ, ಎರಡೂ ಅಲ್ಲವೋ ಎಂಬ ಪ್ರಶ್ನೆ ಇದ್ದವರಿಗೆ ಸಿಮ್ಸ್.

ಇಂಗ್ಲಿಷ್ ಕಷ್ಟ ಆದರೆ

ಈ ಗೇಮ್‌ಗಳಲ್ಲಿ ಯಾವುದರಲ್ಲೂ ಕನ್ನಡ ಇಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಪುಟಗಟ್ಟಲೆ ಇಂಗ್ಲಿಷ್ ಸಂಭಾಷಣೆ ಓದಿಕೊಂಡು ಆಡುವುದು ಬೇಜಾರಿನ ಕೆಲಸ. ಅವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಗೇಮ್ ಅನ್‌ಪ್ಯಾಕಿಂಗ್. 2021ರಲ್ಲಿ ಬಂತು, 2023ರಿಂದ ಫೋನ್‌ನಲ್ಲೂ ಇದೆ.

ಇದರಲ್ಲಿ ಮಾತೇ ಇಲ್ಲ. ಒಬ್ಬ ಹೆಣ್ಣುಮಗಳು ಮನೆ ಬದಲಿಸುತ್ತಾ ಹೋಗುತ್ತಾಳೆ. 1997ರಲ್ಲಿ ಪುಟ್ಟ ಹುಡುಗಿಯ ಕೋಣೆ, ಆಮೇಲೆ ಹಾಸ್ಟೆಲ್, ಗೆಳೆಯರ ಜೊತೆ ಬಾಡಿಗೆ ಮನೆ, ಹೀಗೆ 2018ರವರೆಗೆ. ಡಬ್ಬಗಳಿಂದ ಅವಳ ಸಾಮಾನು ತೆಗೆದು ಜೋಡಿಸುವುದಷ್ಟೇ ನಮ್ಮ ಕೆಲಸ.  ಒಂದು ಹಂತದಲ್ಲಿ ಗೆಳೆಯನೊಬ್ಬನ ಮನೆಗೆ ಹೋಗುತ್ತಾಳೆ. ಅಲ್ಲಿ ಅವಳ ಡಿಗ್ರಿ ಸರ್ಟಿಫಿಕೇಟ್ ನೇತುಹಾಕಲು ಗೋಡೆಯಲ್ಲಿ ಜಾಗವೇ ಇಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಯಾರೂ ಏನೂ ಹೇಳುವುದಿಲ್ಲ, ಆದರೆ ಆ ಸಂಬಂಧ ಉಳಿಯುವುದಿಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ವರ್ಷಗಳ ಮೇಲೆ ಅವಳ ಮನೆಗೆ ಇನ್ನೊಬ್ಬಳ ಸಾಮಾನು ಬರುತ್ತದೆ. ಇಬ್ಬರ ಬಟ್ಟೆ ಒಂದೇ ಬೀರುವಿನಲ್ಲಿ. ಕೊನೆಯ ಮನೆಯಲ್ಲಿ ಮಗುವಿನ ಕೋಣೆ.

ಇಬ್ಬರು ಹೆಂಗಸರ ಸಂಸಾರವನ್ನು ಇಷ್ಟು ಸಹಜವಾಗಿ ತೋರಿಸಿದ ಗೇಮ್ ನನಗೆ ಇನ್ನೊಂದು ಗೊತ್ತಿಲ್ಲ. ಪಾತ್ರೆ ಪಗಡ, ಟೂತ್ ಬ್ರಷ್, ಹಳೆಯ ಗೊಂಬೆ, ಇವುಗಳಲ್ಲೇ ಕಥೆ ಇದೆ. ಅಮ್ಮನ ಜೊತೆ ಕೂತು ಆಡಬಹುದು. ಸಾಮಾನು ಎಲ್ಲಿ ಇಡಬೇಕು ಎಂದು ಅವರೇ ಸಲಹೆ ಕೊಡುತ್ತಾರೆ. ಅರ್ಧ ದಿನದಲ್ಲಿ ಮುಗಿಯುವ ಗೇಮ್, ಅಷ್ಟಕ್ಕೆ ದುಡ್ಡು ಕೊಡಬೇಕಾ ಎಂದು ಕೆಲವರು ಕೇಳುತ್ತಾರೆ. ಕೊಡಬೇಕು.

ಸೆಲೆಸ್ಟ್ ಕೂಡ ಓದುವುದು ಕಡಿಮೆ, ಜಿಗಿಯುವುದು ಜಾಸ್ತಿ ಇರುವ ಗೇಮ್. 2018ರದ್ದು. ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ, ತನ್ನದೇ ಇನ್ನೊಂದು ರೂಪದ ಜೊತೆ ಗುದ್ದಾಡುತ್ತಾಳೆ. ಅವಳು ಟ್ರಾನ್ಸ್ ಎಂಬ ಮಾತು ಗೇಮ್‌ನಲ್ಲಿ ಎಲ್ಲೂ ಬರುವುದಿಲ್ಲ. 2019ರಲ್ಲಿ ಸೇರಿಸಿದ ಕೊನೆಯ ಅಧ್ಯಾಯದಲ್ಲಿ ಅವಳ ಮೇಜಿನ ಮೇಲೆ ಮಳೆಬಿಲ್ಲಿನ ಮತ್ತು ಟ್ರಾನ್ಸ್ ಸಮುದಾಯದ ಪುಟ್ಟ ಬಾವುಟಗಳು ಕಾಣುತ್ತವೆ. ಮಾಡಿದ ಮ್ಯಾಡಿ ಥಾರ್ಸನ್ 2020ರಲ್ಲಿ ಹೌದು ಎಂದು ಬರೆದರು, ಗೇಮ್ ಮಾಡುತ್ತಲೇ ತಾವು ಯಾರೆಂದು ತಿಳಿದುಕೊಂಡದ್ದನ್ನೂ ಹಂಚಿಕೊಂಡರು. ಆಟ ಬಹಳ ಕಷ್ಟ. ಆದರೆ ಅಸಿಸ್ಟ್ ಮೋಡ್ ಹಾಕಿಕೊಂಡರೆ ವೇಗ ಕಡಿಮೆ ಮಾಡಬಹುದು. ಯಾರೇ ಇಣುಕಿ ನೋಡಿದರೂ ಬೆಟ್ಟ ಹತ್ತುವ ಗೇಮ್ ಅಷ್ಟೇ ಕಾಣುವುದು. ಹಾಲ್‌ನಲ್ಲಿ ಕೂತು ಆಡುವವರಿಗೆ ಇದೂ ಮುಖ್ಯ.

ನಮ್ಮ ಕಥೆಯನ್ನೇ ಹೇಳುವ ಗೇಮ್‌ಗಳು

ಟೆಲ್ ಮಿ ವೈ 2020ರಲ್ಲಿ ಬಂತು. ಅಲಾಸ್ಕಾದ ಒಂದು ಸಣ್ಣ ಊರು, ಅವಳಿ ಮಕ್ಕಳಾದ ಟೈಲರ್ ಮತ್ತು ಅಲಿಸನ್, ತಾಯಿಯ ಸಾವಿನ ಗುಟ್ಟು. ಟೈಲರ್ ಟ್ರಾನ್ಸ್ ಪುರುಷ. ದೊಡ್ಡ ಕಂಪನಿಯೊಂದು ಹೊರತಂದ ಗೇಮ್‌ನಲ್ಲಿ ಟ್ರಾನ್ಸ್ ವ್ಯಕ್ತಿ ಹೀಗೆ ನಾವು ಆಡುವ ನಾಯಕನಾದದ್ದು ಇದೇ ಮೊದಲು. ದನಿ ಕೊಟ್ಟ ಆಗಸ್ಟ್ ಬ್ಲ್ಯಾಕ್ ಕೂಡ ಟ್ರಾನ್ಸ್. ಟೈಲರ್ ಗಟ್ಟಿ ಮನುಷ್ಯ, ತಾನು ಯಾರೆಂದು ಅವನಿಗೆ ಸ್ಪಷ್ಟ ಇದೆ. ಹತ್ತು ವರ್ಷದ ಮೇಲೆ ಊರಿಗೆ ವಾಪಸ್ ಬಂದಾಗ ಊರಿನವರು ತಡವರಿಸುತ್ತಾರೆ. ಬೆಂಗಳೂರಿಗೆ ಹೋಗಿ ಬೇರೆಯವರಾಗಿ, ಹಬ್ಬಕ್ಕೆ ತುಮಕೂರಿಗೋ ಕುಣಿಗಲ್‌ಗೋ ತಿಪಟೂರಿಗೋ ಬರುವವರಿಗೆ ಆ ತಡವರಿಕೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಮಾತು ಬಹಳ ಇದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಹಲವು ವರ್ಷ ಜೂನ್ ತಿಂಗಳಲ್ಲಿ ಇದನ್ನು ಪೂರ್ತಿ ಉಚಿತವಾಗಿ ಕೊಟ್ಟಿದ್ದಾರೆ. ಹಾಗಾಗಿ ಕೊಳ್ಳುವ ಮುಂಚೆ ತಿಂಗಳು ನೋಡಿ.

ಅದೇ ತಂಡದ ಲೈಫ್ ಈಸ್ ಸ್ಟ್ರೇಂಜ್ 2015ರದ್ದು. ಮ್ಯಾಕ್ಸ್ ಮತ್ತು ಕ್ಲೋಯಿ ಎಂಬ ಇಬ್ಬರು ಹುಡುಗಿಯರ ಕಥೆ. ಅವರದು ಸ್ನೇಹವೋ ಪ್ರೀತಿಯೋ ಎಂಬುದು ಬಹುಮಟ್ಟಿಗೆ ನಿಮ್ಮ ಆಯ್ಕೆಗೆ ಬಿಟ್ಟದ್ದು. ಫೋನ್‌ನಲ್ಲೂ ಬಂದಿದೆ. ಆದರೆ ಅದರಲ್ಲಿ ಆತ್ಮಹತ್ಯೆಯ ಪ್ರಸಂಗ ಇದೆ, ಮನಸ್ಸು ಸರಿ ಇಲ್ಲದ ದಿನಗಳಲ್ಲಿ ಬೇಡ. ಅಂಥ ದಿನಗಳಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎ ನಾರ್ಮಲ್ ಲಾಸ್ಟ್ ಫೋನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 2017ರ ಈ ಸಣ್ಣ ಗೇಮ್‌ನಲ್ಲಿ ಸ್ಯಾಮ್ ಎಂಬ 18 ವರ್ಷದವರ ಕಳೆದುಹೋದ ಫೋನ್ ನಿಮ್ಮ ಕೈಗೆ ಸಿಗುತ್ತದೆ. ಮೆಸೇಜ್, ಫೋಟೋ, ಇಮೇಲ್ ನೋಡುತ್ತಾ ಹೋದಂತೆ ಸ್ಯಾಮ್ ಯಾಕೆ ಮನೆ ಬಿಟ್ಟರು ಎಂದು ತಿಳಿಯುತ್ತದೆ. ಕಥೆ ಮನಸ್ಸು ಮುಟ್ಟುತ್ತದೆ. ಕೊನೆಗೆ ಫೋನ್‌ನ ಡೇಟಾ ಪೂರ್ತಿ ಅಳಿಸಿದರೆ ಮಾತ್ರ ಗೇಮ್ ಮುಗಿಯುತ್ತದೆ, ಅದು ಒಳ್ಳೆಯ ತೀರ್ಮಾನ. ಆದರೂ ನನಗೆ ತೊಳಲಾಟ ಇದೆ. ನಮ್ಮಲ್ಲಿ ಎಷ್ಟೋ ಮಕ್ಕಳ ಗುಟ್ಟು ರಟ್ಟಾಗುವುದು ಹೀಗೆಯೇ. ಅಣ್ಣ ಫೋನ್ ತೆಗೆದು ನೋಡುತ್ತಾನೆ, ಮಾವ ವಾಟ್ಸಾಪ್ ತೆರೆಯುತ್ತಾನೆ, ಅಲ್ಲಿಗೆ ಕಾಲೇಜು ನಿಂತು ಗಂಡು ಹುಡುಕಲು ಶುರು. ಬೇರೆಯವರ ಫೋನ್ ಜಾಲಾಡುವುದನ್ನೇ ಆಟ ಮಾಡಿರುವ ಈ ಗೇಮನ್ನು ತಮ್ಮ ಮಕ್ಕಳನ್ನು ಅರಿಯಬೇಕು ಎನ್ನುವ ಅಪ್ಪ ಅಮ್ಮಂದಿರಿಗೆ ನಾನು ಕೊಡುವುದಿಲ್ಲ. ತಾನು ಯಾರೆಂದು ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಕೊಡುತ್ತೇನೆ. ಅಪ್ಪ ಅಮ್ಮಂದಿರಿಗೆ ಅನ್‌ಪ್ಯಾಕಿಂಗ್ ಸರಿ.

ದುಡ್ಡೇ ಇಲ್ಲದ ವಿದ್ಯಾರ್ಥಿಗಳಿಗೆ ಬಟರ್‌ಫ್ಲೈ ಸೂಪ್ ಇದೆ. ಇದೂ 2017ರದ್ದೇ. ಇಚ್.ಐಒ (itch.io) ಎಂಬ ಗೇಮ್ ತಾಣದಲ್ಲಿ ಇಷ್ಟ ಬಂದಷ್ಟು ಕೊಡಿ ಎಂಬ ಲೆಕ್ಕ, ಸೊನ್ನೆ ಹಾಕಿದರೂ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಬೇಸ್‌ಬಾಲ್ ಆಡುವ ಹುಡುಗಿಯರು ಪ್ರೀತಿಯಲ್ಲಿ ಬೀಳುವ ಕಥೆ. ಅವರಲ್ಲಿ ದಿಯಾ, ಆಕರ್ಷ ಭಾರತ ಮೂಲದವರು. ಮಾರ್ಕ್ಸ್ ಬಗ್ಗೆ ಮನೆಯವರ ಒತ್ತಡ, ಅಮ್ಮನ ಭಯ, ಎಲ್ಲ ಇದೆ. ಓದುವುದೇ ಆಟ, ಆದ್ದರಿಂದ ಇಂಗ್ಲಿಷ್ ಬರಬೇಕು.

ದೊಡ್ಡ ಗೇಮ್‌ಗಳು

2014ರ ನವೆಂಬರ್‌ನಲ್ಲಿ ನಡೆದದ್ದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ ಎಂಬ ಗೇಮ್ ಜಗತ್ತಿನಲ್ಲೆಲ್ಲ ಬರುವ ಹೊತ್ತಿಗೆ, ಇಎ ಕಂಪನಿ ಭಾರತದಲ್ಲಿ ಮಾರಾಟ ಹಿಂತೆಗೆದುಕೊಂಡಿತು. ಇಲ್ಲಿನ ಕಾನೂನಿಗೆ ಅಡ್ಡಿಯಾಗಬಾರದು ಎಂಬುದು ಅವರು ಕೊಟ್ಟ ಕಾರಣ. ಮುಂಗಡ ಬುಕ್ ಮಾಡಿದ್ದವರಿಗೂ ಗೇಮ್ ಇಲ್ಲ. ಅದರಲ್ಲಿ ಡೋರಿಯನ್ ಎಂಬ ಗೇ ಪಾತ್ರ ಇತ್ತು, ಕ್ರೆಮ್ ಎಂಬ ಟ್ರಾನ್ಸ್ ಪುರುಷ ಇದ್ದ. ಆಗ ನಮ್ಮ ಸಂಬಂಧಗಳನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ನಮ್ಮ ತಲೆಯ ಮೇಲಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದರ ಹಲ್ಲು ಕಿತ್ತಿತು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಬಂದಾಗ ಭಾರತದಲ್ಲೂ ಎಲ್ಲರಂತೆ ಕೊಂಡು ಆಡಿದೆವು. ಆ ಗೇಮ್‌ನಲ್ಲಿ ಪ್ರೀತಿಸಬಹುದಾದ ಜೊತೆಗಾರರು ಗಂಡು ಹೆಣ್ಣೆಂದು ನೋಡದೆ ಒಲಿಯುತ್ತಾರೆ.

ಬಾಲ್ಡರ್ಸ್ ಗೇಟ್‌ಗೆ 150 ಜಿಬಿ ಜಾಗ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು, ನೂರಾರು ಗಂಟೆ ಬೇಕು. ಮಂಚದ ದೃಶ್ಯಗಳೂ ಇವೆ, ನಗ್ನತೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಹಾಲ್‌ನ ಟಿವಿಗೆ ಹಾಕುವ ಮುಂಚೆ ಆ ಕೆಲಸ ಮಾಡಿ. ಕಥೆ, ಮಾತು, ಜಗತ್ತು ಎಲ್ಲದರಲ್ಲೂ ಈ ಪಟ್ಟಿಯಲ್ಲೇ ಶ್ರೀಮಂತ ಗೇಮ್ ಇದು.

ದಿ ಲಾಸ್ಟ್ ಆಫ್ ಅಸ್ 2 ಬೇಕಾ? 2020ರಲ್ಲಿ ಪ್ಲೇಸ್ಟೇಷನ್‌ಗೆ, 2025ರಲ್ಲಿ ಕಂಪ್ಯೂಟರ್‌ಗೆ ಬಂತು. ನಾಯಕಿಯ ಹೆಸರು ಎಲ್ಲೀ (Ellie), ಅವಳು ಲೆಸ್ಬಿಯನ್, ಲೆವ್ ಎಂಬ ಟ್ರಾನ್ಸ್ ಹುಡುಗನೂ ಇದ್ದಾನೆ. ಎಲ್ಲೀ ಮತ್ತು ಅವಳ ಪ್ರೇಯಸಿ ಡೀನಾ ಜೋಡಿ ನನಗೆ ತುಂಬ ಇಷ್ಟ. ಆದರೆ ರಕ್ತ, ಸಾವು, ಸೇಡು ಇದರಲ್ಲಿ ಬಹಳ. ನಮ್ಮವರು ನೋಯುವುದನ್ನು ನಿಜ ಜೀವನದಲ್ಲೇ ಸಾಕಷ್ಟು ನೋಡಿದ್ದೇವೆ. ಮೊದಲ ಗೇಮ್ ಆಗಿ ಇದು ಬೇಡ.

ಸ್ಕ್ವಾಡ್ ಮತ್ತು ಮೈಕ್

ನಮ್ಮೂರಿನಲ್ಲಿ ನಿಜಕ್ಕೂ ಆಡುವುದು ಏನು? ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ಅಂದರೆ ಫೋನ್‌ನಲ್ಲಿ ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಗೇಮ್‌ಗಳು. ಎಸ್‌ಐಟಿ ಕಾಲೇಜಿನ ಸುತ್ತಮುತ್ತ, ಅಮಾನಿಕೆರೆ ದಂಡೆಯ ಬೆಂಚುಗಳಲ್ಲಿ, ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ನಾಲ್ಕು ಜನರ ಸ್ಕ್ವಾಡ್. ಇವುಗಳಲ್ಲಿ ನಮ್ಮ ಕಥೆ ಹುಡುಕುವುದೇ ಬೇಡ. ಇಲ್ಲಿ ನೋಡಬೇಕಾದದ್ದು ಮೈಕ್‌ನಲ್ಲಿ ಬರುವ ಮಾತು. ಒಬ್ಬ ಸರಿಯಾಗಿ ಆಡದಿದ್ದರೆ ‘ಚಕ್ಕ’, ‘ಒಂಬತ್ತು’ ಎಂದು ಬೈಯುತ್ತಾರೆ. ಬೈಯುವವನಿಗೆ ಅದು ಸುಮ್ನೆ ಬಾಯಿಗೆ ಬಂದ ಮಾತು. ಕೇಳುವವನು ನಮ್ಮಂಥವನಾದರೆ ಮೈಕ್ ಆಫ್ ಮಾಡುತ್ತಾನೆ, ಮೆಲ್ಲಗೆ ಆಟ ಬಿಡುತ್ತಾನೆ. ನನ್ನ ಕಣ್ಣೆದುರೇ ಒಳ್ಳೆಯ ಸ್ನೈಪರ್‌ಗಳು ಹೀಗೆ ಆಟ ಬಿಟ್ಟಿದ್ದಾರೆ.

ಇದೆಲ್ಲ ಹೊರಗಿನಿಂದ ಬಂದ ಶೋಕಿ ಎನ್ನುವವರಿಗೆ ಒಂದು ಮಾತು. ಟ್ರಾನ್ಸ್ ಮಹಿಳೆಯಾದ ಜೋಗತಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಮಣ್ಣಿನಲ್ಲಿ ನಾವು ಹೊಸಬರಲ್ಲ.

ಅಪೆಕ್ಸ್ ಲೆಜೆಂಡ್ಸ್‌ನಂಥ ಗೇಮ್‌ಗಳು ಪಾತ್ರಗಳ ವಿಷಯದಲ್ಲಿ ಎಷ್ಟೋ ಮುಂದಿವೆ. ಬ್ಲಡ್‌ಹೌಂಡ್ ಗಂಡೂ ಅಲ್ಲ ಹೆಣ್ಣೂ ಅಲ್ಲ, ಜಿಬ್ರಾಲ್ಟರ್ ಗೇ, ಕ್ಯಾಟಲಿಸ್ಟ್ ಟ್ರಾನ್ಸ್ ಮಹಿಳೆ. ಫೋನ್‌ಗೆ ಬಂದಿದ್ದ ಅಪೆಕ್ಸ್ 2023ರ ಮೇನಲ್ಲಿ ಮುಚ್ಚಿತು, ಈಗ ಕಂಪ್ಯೂಟರ್ ಅಥವಾ ಕನ್ಸೋಲ್ ಬೇಕು. ಆದರೆ ಪಾತ್ರ ಟ್ರಾನ್ಸ್ ಆದ ಮಾತ್ರಕ್ಕೆ ಮೈಕ್‌ನಲ್ಲಿ ಬೈಗುಳ ನಿಲ್ಲುವುದಿಲ್ಲ. ನನ್ನ ಕೇಳಿದರೆ, ಬಾಯಿ ಶುದ್ಧವಿರುವ ಮೂವರು ಗೆಳೆಯರ ಜೊತೆ ಬಿಜಿಎಂಐ ಆಡುವುದೇ, ಅಪರಿಚಿತರ ಜೊತೆ ಅಪೆಕ್ಸ್ ಆಡುವುದಕ್ಕಿಂತ ಮೇಲು. ವಾಯ್ಸ್ ಚಾಟ್ ‘ಟೀಮ್’ಗೆ ಮಾತ್ರ ಇಡಿ. ರ‍್ಯಾಂಡಮ್ ಆಟಗಾರ ಬಂದರೆ ಮೊದಲೇ ಮ್ಯೂಟ್ ಮಾಡಿ. ಬೈದವರನ್ನು ರಿಪೋರ್ಟ್ ಮಾಡಿ. ನೀವು ನಮ್ಮವರಲ್ಲದಿದ್ದರೆ, ಸ್ಕ್ವಾಡ್‌ನಲ್ಲಿ ಆ ಮಾತು ಬಂದಾಗ ‘ಲೋ, ಆ ಮಾತು ಬೇಡ ಕಣೋ’ ಎಂದು ಹೇಳಿ. ನಮಗೆ ಹೇಳಲು ಆಗದೇ ಇರುವುದನ್ನು ನೀವು ಸುಲಭವಾಗಿ ಹೇಳಬಹುದು.

ಕೊಳ್ಳುವಾಗ

ಮನೆಯವರಿಗೆ ಇನ್ನೂ ಹೇಳಿಲ್ಲದವರು ಕೆಲವು ವಿಷಯ ನೆನಪಿಡಿ. ಪ್ಲೇ ಸ್ಟೋರ್‌ನಲ್ಲಿ ಕೊಂಡರೆ ಗೇಮ್ ಹೆಸರಿರುವ ರಸೀದಿ ಇಮೇಲ್‌ಗೆ ಬರುತ್ತದೆ. ಫೋನ್‌ನಲ್ಲಿ ಅಪ್ಪನ ಇಮೇಲ್ ಇದ್ದರೆ ಅವರಿಗೇ ಹೋಗುತ್ತದೆ, ಬ್ಯಾಂಕ್ ಖಾತೆ ಅವರದಾದರೆ ಬ್ಯಾಂಕ್ ಮೆಸೇಜ್ ಕೂಡ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಯಾವ ಗೇಮ್ ಆಡುತ್ತಿದ್ದೀರಿ ಎಂದು ಗೆಳೆಯರಿಗೆ ಕಾಣುತ್ತದೆ. ಗೇಮನ್ನು ‘ಪ್ರೈವೇಟ್’ ಎಂದು ಗುರುತಿಸಿದರೆ ಕಾಣುವುದಿಲ್ಲ. ಸ್ಟಾರ್‌ಡ್ಯೂ, ಸೆಲೆಸ್ಟ್, ಅನ್‌ಪ್ಯಾಕಿಂಗ್ ಈ ಮೂರರ ಹೆಸರು, ಚಿತ್ರ ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಫೋನ್ ಮಾತ್ರ ಇದ್ದು, ಒಂದೇ ಗೇಮ್‌ಗೆ ದುಡ್ಡಿದ್ದರೆ ಸ್ಟಾರ್‌ಡ್ಯೂ ಕೊಳ್ಳಿ, ವರ್ಷಗಟ್ಟಲೆ ಆಡಬಹುದು. ಲ್ಯಾಪ್‌ಟಾಪ್ ಇದ್ದು ದುಡ್ಡಿಲ್ಲದಿದ್ದರೆ ಬಟರ್‌ಫ್ಲೈ ಸೂಪ್ ಇವತ್ತೇ ಇಳಿಸಿಕೊಳ್ಳಿ. ಸಿಮ್ಸ್ 4 ಅನ್ನು ಕಾಲೇಜಿನ ವೈಫೈ ಸಿಕ್ಕಾಗ ಡೌನ್‌ಲೋಡ್‌ಗೆ ಹಾಕಿ. ಟೆಲ್ ಮಿ ವೈ ಬೇಕೆಂದರೆ ಜೂನ್ ಒಂದನೇ ತಾರೀಕು ಸ್ಟೀಮ್ ತೆರೆದು ನೋಡಿ. ಉಚಿತ ಇದ್ದರೆ ಅಕೌಂಟ್‌ಗೆ ಸೇರಿಸಿಕೊಳ್ಳಿ, ಆಮೇಲೆ ಯಾವಾಗ ಬೇಕಾದರೂ ಆಡಬಹುದು.